ಟವಲಿನ ಕೆಳಗೆ ಒಣಗುವ ಬಟ್ಟೆ

ಕೊಂಡಜ್ಜಿ ನಮ್ಮ ಮನೆಯಿಂದ ದೂರವೇನಲ್ಲ. ಸ್ಕೂಟರಿನಲ್ಲಿ ಹೊರಟರೆ ಬಾಯಲ್ಲಿನ ಕಾಫಿಯ ರುಚಿ ಹೋಗುವುದರೊಳಗೆ ಅಲ್ಲಿನ ಕೆರೆ ಕಾಣುತ್ತದೆ. ಆದರೂ ಎಂಟನೇ ಕ್ಲಾಸಿನ ನನ್ನ ಮಗಳು ದಸರಾ ರಜೆಯಲ್ಲಿ ಗೈಡ್ಸ್ ಶಿಬಿರಕ್ಕೆಂದು ಐದು ದಿನ ಅಲ್ಲೇ ಉಳಿಯುತ್ತಾಳೆಂದು ಗೊತ್ತಾದ ದಿನದಿಂದ ಕೊಂಡಜ್ಜಿ ಹಿಮಾಲಯದ ಬುಡಕ್ಕೆ ಹೋಗಿ ಕೂತುಬಿಟ್ಟಿತು. ಕೆರೆ ಇದೆ, ಬೀಳುತ್ತಾಳೆ. ಗುಡ್ಡ ಇದೆ, ಹಾವಿರುತ್ತದೆ. ಅಷ್ಟು ಜನಕ್ಕೆ ಒಂದೇ ಪಾತ್ರೆಯಲ್ಲಿ ಕುದಿಸಿದ ಸಾರು, ಹೊಟ್ಟೆ ಕೆಡದೆ ಇರುತ್ತದೆಯೇ? ಊರೂರು ತಿರುಗುವ ಕೆಲಸದ ನನ್ನ ಗಂಡ ಇದನ್ನೆಲ್ಲ ಫೋನಿನಲ್ಲಿ ಕೇಳಿಸಿಕೊಂಡು, ಹಾವಿಗೂ ದಸರಾ ರಜೆ ಇರುತ್ತದೆ ಬಿಡು ಎಂದರು. ಅವರ ಸಮಾಧಾನಗಳೆಲ್ಲ ಇದೇ ಜಾತಿಯವು.

ಮಗಳಿಗೆ ಮಾತ್ರ ಇದು ತಮಾಷೆಯಾಗಿರಲಿಲ್ಲ. ಹೋದ ವರ್ಷ ಹೊರಡುವ ಹಿಂದಿನ ದಿನ ಜ್ವರ ಬಂದು ಶಿಬಿರ ತಪ್ಪಿತ್ತು. ಈ ಸಲ ತನ್ನ ತಂಡಕ್ಕೆ ಅವಳೇ ನಾಯಕಿ. ಸಮವಸ್ತ್ರದ ಸ್ಕಾರ್ಫನ್ನು ದಿನಕ್ಕೊಮ್ಮೆ ತೆಗೆದು, ನೋಡಿ, ಮತ್ತೆ ಮಡಿಸಿಡುತ್ತಿದ್ದಳು. ನಾನು ಹಾವಿನ ಸುದ್ದಿ ಎತ್ತಿದಾಗಲೆಲ್ಲ ಮುಖ ಬಿಗಿದುಕೊಂಡು, ಈ ಸಲ ಏನಾದರೂ ನೆಪ ತೆಗೆದು ತಡೆದರೆ ಮಾತು ಬಿಡುತ್ತೇನೆ ಎಂದು ಹೇಳಿಯೂ ಆಗಿತ್ತು.

ಶಾಲೆಯಿಂದ ಮೊಬೈಲಿಗೆ ಬಂದ ಸಂದೇಶದ ಕೊನೆಯಲ್ಲಿ ಒಂದು ಸಾಲಿತ್ತು: ಮಕ್ಕಳು ತಮ್ಮ ಬಟ್ಟೆ ತಾವೇ ಒಗೆದುಕೊಳ್ಳಬೇಕು. ಕೆರೆಗೆ ಬೇಲಿ ಹಾಕುವುದು, ಹಾವು ಹಿಡಿಯುವುದು ನನ್ನ ಕೈಲಾಗದ ಕೆಲಸ. ಬಟ್ಟೆ ಒಗೆಯುವುದನ್ನು ಕಲಿಸಬಹುದಲ್ಲ. ಹೀಗೆ ನನ್ನ ಚಿಂತೆಗಳೆಲ್ಲ ಬಂದು ಒಂದು ಬಕೆಟ್ಟಿನಲ್ಲಿ ಇಳಿದವು.

ನಮ್ಮದು ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಮೊದಲನೇ ಮಹಡಿಯ ಮನೆ, ಮೇಲೆ ತಾರಸಿ. ಮನೆಯಲ್ಲಿ ಅತ್ತೆ, ನಾನು, ಒಂಬತ್ತನೇ ಕ್ಲಾಸಿನ ಮಗ, ಈ ಮಗಳು; ತಿಂಗಳಿಗೆ ಒಂದೆರಡು ದಿನ ಗಂಡ. ನಾನು ಹರಿಹರದ ಒಂದು ಕಚೇರಿಯಲ್ಲಿ ಗುಮಾಸ್ತೆ, ಬೆಳಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಬಸ್ಸಿಳಿದು ಬರುವವಳು. ಬಟ್ಟೆಯ ಬಗ್ಗೆ ಮಕ್ಕಳಿಬ್ಬರಿಗಿದ್ದ ತಿಳಿವಳಿಕೆ ಇಷ್ಟೇ: ಬುಟ್ಟಿಗೆ ಎಸೆದದ್ದು ಎರಡು ದಿನ ಬಿಟ್ಟು ಬೀರುವಿನಲ್ಲಿ ಹುಟ್ಟುತ್ತದೆ. ನಡುವೆ ಮಿಶನ್ನು ಗುಡುಗುವುದು ಅವರ ಪಾಲಿಗೆ ಹವಾಮಾನದ ಸಂಗತಿ.

ಇದಕ್ಕೊಂದು ಅಪವಾದವಿತ್ತು, ಅದು ನನ್ನ ಹೆಮ್ಮೆಯ ವಿಷಯ. ದೊಡ್ಡವಳಾದಾಗಿನಿಂದ ಮಗಳು ತನ್ನ ಒಳಬಟ್ಟೆಗಳನ್ನು ಸ್ನಾನದ ಹೊತ್ತಿಗೆ ತಾನೇ ಒಗೆದು, ತಾನೇ ತಾರಸಿಗೆ ಒಯ್ದು ಹಾಕಿ ಬರುತ್ತಿದ್ದಳು. ನಾನು ಹೇಳಿಕೊಟ್ಟದ್ದಲ್ಲ, ನನ್ನನ್ನು ನೋಡಿ ಕಲಿತದ್ದು. ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ಕೂತಾಗ ಇದನ್ನು ಯಾರೂ ಕೇಳದೆಯೇ ಒಂದೆರಡು ಸಲ ಹೇಳಿಕೊಂಡದ್ದೂ ಉಂಟು.

ಪಾಠ ಒಂದು ಭಾನುವಾರ ಶುರುವಾಯಿತು. ಮಗಳೊಬ್ಬಳಿಗೇ ಕಲಿಸುವ ಅಂದಾಜು ನನ್ನದು. ಅತ್ತೆ ಒಪ್ಪಲಿಲ್ಲ.

"ಆ ಹುಡುಗನ್ನೂ ಎಬ್ಬಿಸು. ನಿಮ್ಮ ಮಾವ ಕೊನೀತನಕ ತಮ್ಮ ಪಂಚೆ ತಾವೇ ಹಿಂಡ್ಕಂಡ್ರು. ಇವನೇನು ಮ್ಯಾಲಿಂದ ಇಳಿದು ಬಂದಾನ?"

ಮಗ ತಲೆ ಕೆರೆದುಕೊಳ್ಳುತ್ತಾ ತಾರಸಿಗೆ ಬಂದ. ಮಿಶನ್ ಇರುವಾಗ ಇದೆಲ್ಲ ಯಾಕೆ ಎಂದು ವಾದಿಸಿದವನ ಕೈಗೆ ನಾನು ಬ್ರಷ್ ಕೊಟ್ಟೆ. ಅತ್ತೆ ನೀರಿನ ಟ್ಯಾಂಕಿನ ನೆರಳಿಗೆ ಸ್ಟೂಲು ಹಾಕಿಸಿಕೊಂಡು ಪರೀಕ್ಷಕರ ಹಾಗೆ ಕೂತರು.

ಅಂದು ನಲ್ಲಿಯಲ್ಲಿ ಹೊಳೆ ನೀರು ಬಂದಿತ್ತು. ನಮ್ಮ ಬೋರ್ ನೀರಿನಲ್ಲಿ ಸೋಪು ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ, ಬಿಳಿ ಅಂಗಿಯ ಮೇಲೆ ಬೂದಿ ಬಣ್ಣ ಕೂರುತ್ತದೆ. ಆದ್ದರಿಂದ ಬಿಳಿ ಬಟ್ಟೆಗೆ ಹೊಳೆ ನೀರೇ ಆಗಬೇಕೆಂಬುದು ಮನೆಯ ಕಾಯಿದೆ. ಅದರಿಂದಲೇ ಪಾಠ ಆರಂಭಿಸಿದೆ. ಆಮೇಲೆ ಬಿಳಿಯದು ಬೇರೆ, ಬಣ್ಣದ್ದು ಬೇರೆ. ಆಮೇಲೆ ಜೇಬು ನೋಡುವುದು. ಮಗನ ಪ್ಯಾಂಟಿನ ಜೇಬಿನಿಂದ ಒಂದು ಪೆನ್ನಿನ ಮುಚ್ಚಳವೂ ಮಿರ್ಚಿಯ ಎಣ್ಣೆ ಕುಡಿದು ಪಾರದರ್ಶಕವಾದ ಪೇಪರ್ ತುಂಡೂ ಹೊರಬಂದವು. ಅವನಿಗೆ ಮನೆಯ ತಿಂಡಿ ಸೇರದೆ ಇರುವುದರ ಕಾರಣ ಅತ್ತೆಗೆ ಆಗ ತಿಳಿಯಿತು.

ಕಾಲರನ್ನು ಮೊದಲು ನೆನೆಸಿ, ಸೋಪು ಹಚ್ಚಿಟ್ಟು, ಆಮೇಲೆ ಮೆಲ್ಲಗೆ ಬ್ರಷ್ ಆಡಿಸಬೇಕು ಎಂದೆ. ಮಗ ಎಮ್ಮೆ ಮೈ ತೊಳೆಯುವವನ ಹಾಗೆ ಉಜ್ಜಿ ಕಾಲರಿನ ಅಂಚಿನ ನೂಲನ್ನೇ ಎಬ್ಬಿಸಿದ. ಮಗಳು ನೀಲಿ ಪುಡಿಯನ್ನು ನೀರಿಗೆ ಕಲಸದೆ ನೇರ ಅಂಗಿಯ ಮೇಲೆ ಉದುರಿಸಿ, ಬೆನ್ನಿನ ಭಾಗದಲ್ಲಿ ಒಂದು ಭೂಪಟ ಮಾಡಿದಳು. ಹಾಸಿಗೆ ಹೊದಿಕೆಯನ್ನು ಇಬ್ಬರೂ ಎರಡು ತುದಿ ಹಿಡಿದು ಹಿಂಡಬೇಕಾಗಿತ್ತು. ಇಬ್ಬರೂ ಒಂದೇ ದಿಕ್ಕಿಗೆ ತಿರುವಿದ್ದರಿಂದ ಅದು ಹಿಂಡಿಸಿಕೊಳ್ಳದೆ ಸುಮ್ಮನೆ ಸುತ್ತುತ್ತಿತ್ತು. ಅತ್ತೆ ಸ್ಟೂಲಿನ ಮೇಲಿಂದ, ಹಿಂಗೆ ಹಿಂಡಿದರೆ ದೀಪಾವಳಿಗೆ ಒಣಗುತ್ತದೆ ಎಂದರು.

ಒಣಹಾಕುವುದರ ಬಗ್ಗೆ ನಾನು ವಿಶೇಷ ಉಪನ್ಯಾಸ ಕೊಟ್ಟೆ. ಎರಡು ಸಲ ಝಾಡಿಸಿ ಹಾಕಿದರೆ ಸುಕ್ಕು ಕಮ್ಮಿ. ಬಣ್ಣದ ಅಂಗಿಯನ್ನು ಒಳಮೈ ಹೊರಗೆ ಮಾಡಿ ಹಾಕಬೇಕು. ಬಿಸಿಲು ಅಂದರೆ ಔಷಧಿ, ಅದು ಬಟ್ಟೆಯೊಳಗಿನ ಕ್ರಿಮಿ ಕೊಲ್ಲುತ್ತದೆ. ಈ ಕೊನೆಯ ಮಾತನ್ನು ಎರಡೆರಡು ಸಲ ಹೇಳಿದೆನೆಂದು ನನಗೆ ಚೆನ್ನಾಗಿ ನೆನಪಿದೆ.

ಕೊನೆಗೆ ಬಕೆಟ್ಟಿನ ತಳದಲ್ಲಿ ನನ್ನ ಮತ್ತು ಮಗಳ ಒಳಬಟ್ಟೆಗಳು ಉಳಿದವು. ಮಗನನ್ನು ಕ್ಲಿಪ್ ತರಲು ಕೆಳಗೆ ಕಳಿಸಿದೆ. ಕ್ಲಿಪ್ಪುಗಳು ಅಲ್ಲೇ ಬೇಕಾದಷ್ಟಿದ್ದವು. ಗೋಡೆಯ ಮರೆಗಿರುವ ಹಿಂದಿನ ತಂತಿಯ ಮೇಲೆ ಅವನ್ನು ಹರವಿ, ಮೇಲೊಂದು ದಪ್ಪ ಟವಲ್ ಹೊದಿಸಿದೆ. ಅಲ್ಲಿಯವರೆಗೆ ಪ್ರತಿಯೊಂದಕ್ಕೂ ಕಾರಣ ಕೊಟ್ಟಿದ್ದ ನಾನು ಇದಕ್ಕೆ ಏನೂ ಹೇಳಲಿಲ್ಲ, ಮಗಳೂ ಕೇಳಲಿಲ್ಲ.

ಮುಂದಿನ ವಾರ ಮಗಳು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿಲ್ಲ ಎಂಬುದು ನನ್ನ ಕಣ್ಣಿಗೆ ಬಿತ್ತು. ಕೂತವಳು ಏಳುತ್ತಾಳೆ, ಎದ್ದವಳು ಗೋಡೆಗೆ ಒರಗುತ್ತಾಳೆ, ನಡೆಯುವಾಗ ಕಾಲನ್ನು ಸ್ವಲ್ಪ ಅಗಲಿಸಿ ಇಡುತ್ತಾಳೆ. ಏನೆಂದು ಕೇಳಿದರೆ ಏನಿಲ್ಲ. ಹರಿಹರದ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಹುಡುಕಿದೆ. ಗುತ್ತೂರು ಬರುವಷ್ಟರಲ್ಲಿ ಮಗಳಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಹರಿಹರದಲ್ಲಿ ಇಳಿಯುವ ಹೊತ್ತಿಗೆ ಹೆಸರು ಓದಲೂ ಬಾರದ ಇನ್ನೆರಡು ರೋಗಗಳು ಸೇರಿಕೊಂಡಿದ್ದವು. ಅಂದು ಕಚೇರಿಯಲ್ಲಿ ಬಂದವರ ಅರ್ಜಿಗಳಿಗೆ ನಾನು ಏನು ಮುದ್ರೆ ಒತ್ತಿದೆನೋ ದೇವರಿಗೇ ಗೊತ್ತು.

ಸಂಜೆ ಬಾಗಿಲು ಹಾಕಿಕೊಂಡು ಪಕ್ಕ ಕೂರಿಸಿಕೊಂಡೆ. ಆಗ ಅತ್ತಳು. ತೊಡೆಯ ಸಂದಿಯಲ್ಲಿ ನವೆ, ಉರಿ. ಮಳೆಗಾಲ ಶುರುವಾದಾಗಿನಿಂದಲೂ ಇದೆ. ಯಾಕೆ ಹೇಳಲಿಲ್ಲ ಎಂದರೆ, ಹೇಳಿದರೆ ನೀನು ಕೊಂಡಜ್ಜಿಗೆ ಕಳಿಸಲ್ಲ ಅಂತ. ಅಷ್ಟು ಹೊತ್ತಿಗೆ ಮನಸ್ಸಿನಲ್ಲೇ ನಾನು ಶಿಬಿರವನ್ನು ರದ್ದು ಮಾಡಿಯೂ ಆಗಿತ್ತು.

ನಮ್ಮ ಬಡಾವಣೆಯಲ್ಲಿ ಕ್ಲಿನಿಕ್ಕಿಗೇನು ಬರವಿಲ್ಲ. ಮರುದಿನವೇ ಹತ್ತಿರದ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ನೋಡಿ, ಕೈ ತೊಳೆದುಕೊಂಡು ಬಂದು, ಗಾಬರಿ ಆಗುವಂಥದ್ದೇನಲ್ಲ, ತೇವದಿಂದ ಬರುವ ಹುಳುಕಡ್ಡಿ ಎಂದರು. ಆಮೇಲೆ ಕೇಳಿದರು.

"ಒಳಗಿನ ಬಟ್ಟೆ ಎಲ್ಲಿ ಒಣಗಿಸ್ತೀರಿ?"

"ತಾರಸಿ ಮೇಲ್ರಿ. ಬಿಸಿಲಿಗೆ," ಎಂದೆ, ಪಾಠ ಮಾಡಿದ ಹುರುಪು ಇನ್ನೂ ಇತ್ತು.

"ಬಿಸಿಲಿಗಲ್ಲ ಮೇಡಂ," ಎಂದಳು ಮಗಳು. "ಅಮ್ಮನ ಟವಲ್ ಕೆಳಗೆ."

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಮಗಳು ವಿವರಿಸತೊಡಗಿದಳು. ಅಮ್ಮ ತನ್ನದನ್ನು ಹಾಕಿ ಟವಲ್ ಹೊದಿಸಿರುತ್ತಾಳೆ, ಅಮ್ಮನದಕ್ಕೂ ಕೆಳಗೆ ನಾನು ನನ್ನದನ್ನು ಸೇರಿಸುತ್ತೇನೆ. ಸಂಜೆಗೆ ಅವು ಒಣಗಿರುವುದಿಲ್ಲ, ತಣ್ಣಗಿರುತ್ತವೆ. ಆದರೂ ಹಾಕಿಕೊಳ್ಳುತ್ತೇನೆ, ಮೈಮೇಲೆ ಒಣಗುತ್ತವೆ. ಅವಳ ದನಿಯಲ್ಲಿ ದೂರು ಇರಲಿಲ್ಲ. ಎಲ್ಲರ ಮನೆಯಲ್ಲೂ ಹೀಗೇ ತಾನೆ ಎನ್ನುವ ಹಾಗೆ ಹೇಳಿದಳು. ನನಗೆ ಆ ಕುರ್ಚಿಯ ಕೆಳಗೆ ಒಂದು ಟವಲ್ ಹೊದ್ದು ಕೂರಬೇಕೆನಿಸಿತು.

ಡಾಕ್ಟರು ಬೈಯಲಿಲ್ಲ. ತಮ್ಮ ಹತ್ತಿರ ಇದೇ ತೊಂದರೆಯ ಹುಡುಗಿಯರು ಬರುತ್ತಲೇ ಇರುತ್ತಾರೆ, ಮಳೆಗಾಲದಲ್ಲಂತೂ ಇನ್ನೂ ಹೆಚ್ಚು ಎಂದರು. ಮುಲಾಮು ಬರೆದುಕೊಟ್ಟರು. ಬಟ್ಟೆ ನೇರ ಬಿಸಿಲಿಗೆ ಬೀಳಬೇಕು, ಪೂರ್ತಿ ಒಣಗಬೇಕು. ಶಿಬಿರಕ್ಕೆ ಇನ್ನೂ ಮೂರು ವಾರವಿತ್ತು. ವಾಸಿಯಾದರೆ ಹೋಗಲಿ, ಆದರೆ ಅಲ್ಲಿಯೂ ತೇವದ ಬಟ್ಟೆ ಹಾಕಿದರೆ ಎಲ್ಲ ಮೊದಲಿಗೆ ಬರುತ್ತದೆ ಎಂದು ಎಚ್ಚರಿಸಿದರು. ಮಗಳು ತಲೆಯಾಡಿಸಿದ ರೀತಿ ನೋಡಿದರೆ ಅವರು ಬೆಂಕಿಯಲ್ಲಿ ಒಣಗಿಸು ಎಂದಿದ್ದರೂ ಒಪ್ಪುತ್ತಿದ್ದಳು.

ಮನೆಗೆ ಬಂದು ನಾನು ಅಪ್ಪಣೆ ಮಾಡಿದೆ: ನಾಳೆಯಿಂದ ಮುಂದಿನ ತಂತಿಗೆ ಹಾಕು. ನಮ್ಮ ತಾರಸಿಯಲ್ಲಿ ಬಿಸಿಲು ಚೆನ್ನಾಗಿ ಬೀಳುವುದು ಮುಂದಿನ ತಂತಿಗೇ. ಅದು ರಸ್ತೆಯ ಕಡೆಗಿದೆ. ರಸ್ತೆಯ ಆ ಬದಿಗೆ ಕಾಲೇಜು ಹುಡುಗರ ಪಿ.ಜಿ.

ಮಗಳು ಹೇಳಿದಳು, "ನೀನು ಹಾಕು ಮೊದ್ಲು."

ಇದಕ್ಕಿಂತ ನ್ಯಾಯವಾದ ಮಾತು ಇನ್ನೊಂದಿಲ್ಲ. ಅದಕ್ಕೇ ನನಗೆ ಸಿಟ್ಟು ಬಂತು.

ಮಾರನೆಯ ದಿನ ಹರಿಹರಕ್ಕೆ ಹೋಗುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತೆ. ಮಳೆ ನಿಂತು ಬಿಸಿಲು ಬಿದ್ದಿತ್ತು, ದಾರಿಯುದ್ದಕ್ಕೂ ಮನೆಗಳ ಮುಂದೆ ಬಟ್ಟೆ ಹರವಿದ್ದರು. ಇಷ್ಟು ವರ್ಷ ಇದೇ ದಾರಿಯಲ್ಲಿ ಓಡಾಡಿದ್ದರೂ ಆ ತಂತಿಗಳನ್ನು ನಾನು ನೋಡಿರಲಿಲ್ಲ. ಗಂಡಸರ ಬನಿಯನ್ನು, ಚಡ್ಡಿ, ಲುಂಗಿ ಬಾವುಟಗಳ ಹಾಗೆ ಹಾರುತ್ತಿದ್ದವು. ಮಕ್ಕಳ ಲಂಗೋಟಿ, ಮುದುಕರ ಮಫ್ಲರು, ಫ್ಯಾಕ್ಟರಿಗೆ ಹೋಗುವವರ ನೀಲಿ ಅಂಗಿ, ಸೀರೆ, ನೈಟಿ. ಹೆಂಗಸರ ಒಳಬಟ್ಟೆ ಒಂದು, ಒಂದೇ ಒಂದು, ಕಾಣಲಿಲ್ಲ. ಹರಿಹರದವರೆಗೆ ಹುಡುಕಿಕೊಂಡು ಹೋದೆ. ಪಕ್ಕದ ಸೀಟಿನವರು ಯಾರದಾದರೂ ಮನೆ ಹುಡುಕುತ್ತಿದ್ದೀರಾ ಎಂದು ಕೇಳಿದರು. ಹೌದು ಎಂದೆ. ಈ ದಾರಿಯ ಎರಡೂ ಬದಿಯ ಹೆಂಗಸರೆಲ್ಲ ಒಳಬಟ್ಟೆ ತೊಡುವುದೇ ಇಲ್ಲವೆಂದು ಹೊರಗಿನವರು ತಿಳಿದರೆ ಆಶ್ಚರ್ಯವಿಲ್ಲ. ಸೀರೆಯ ಹಿಂದೆ, ಲಂಗದ ಒಳಗೆ, ಟವಲಿನ ಕೆಳಗೆ, ಬಚ್ಚಲ ಮನೆಯ ಮೊಳೆಗೆ, ಅವೆಲ್ಲ ಎಲ್ಲೋ ಒದ್ದೆಯಾಗಿಯೇ ಇದ್ದವು.

ನನಗೂ ಇದನ್ನು ಯಾರೂ ಹೇಳಿಕೊಟ್ಟವರಿಲ್ಲ. ಹರಿಹರದ ತವರುಮನೆಯಲ್ಲಿ ಅವ್ವ ಹಿತ್ತಿಲ ತಂತಿಗೆ ಲಂಗ ಹಾಕುತ್ತಿದ್ದಳು, ಅದನ್ನು ಎತ್ತಿ ನೋಡಿ, ಅಡಿಯಲ್ಲಿದ್ದ ಅವಳದರ ಜೊತೆ ನಾನು ನನ್ನದನ್ನೂ ಸೇರಿಸಿದೆ, ಅಷ್ಟೇ. ಅಡುಗೆಗೆ ಬೈಸಿಕೊಂಡು ಕಲಿತೆ, ಲೆಕ್ಕಕ್ಕೆ ಹೊಡೆಸಿಕೊಂಡು ಕಲಿತೆ. ಇದೊಂದನ್ನು ಮಾತ್ರ ಒಂದು ಮಾತಿಲ್ಲದೆ ತಪ್ಪಿಲ್ಲದೆ ಕಲಿತೆ.

ಭಾನುವಾರ ಬೆಳಗ್ಗೆ ಒಗೆದು ಮುಂದಿನ ತಂತಿಗೆ ಹಾಕಿದೆ. ಹಾಕುವಾಗ ಪಿ.ಜಿ. ಕಡೆ ಬೆನ್ನು ಮಾಡಿದ್ದೆ, ಬೆನ್ನು ಮಾಡಿದರೆ ಬಟ್ಟೆ ಕಾಣುವುದಿಲ್ಲವೆನ್ನುವ ಹಾಗೆ. ಹಾಕಿದ್ದು ಎಲ್ಲಕ್ಕಿಂತ ಹಳೆಯದು, ಸಡಿಲಾದದ್ದು. ಒಳ್ಳೆಯದನ್ನು ಹಾಕಿದ್ದರೆ ಪ್ರದರ್ಶನವಾಗುತ್ತಿತ್ತು, ಇದನ್ನು ಹಾಕಿದರೆ ಮಾನ ಹೋಗುತ್ತಿತ್ತು. ಈ ಎರಡರ ನಡುವೆ ಅರ್ಧ ತಾಸು ಕಳೆದಿದ್ದೆ. ಕೆಳಗಿಳಿದು ಅಕ್ಕಿ ಆರಿಸುತ್ತಾ ಕೂತೆ. ಮನಸ್ಸು ಅಕ್ಕಿಯಲ್ಲಿರಲಿಲ್ಲ. ಗಾಳಿಗೆ ಹಾರಿ ಯಾರದೋ ಸ್ಕೂಟರಿನ ಮೇಲೆ ಬಿದ್ದರೆ? ಅವರು ಮನೆ ಮನೆಗೆ ತೋರಿಸುತ್ತಾ ಬಂದರೆ?

ಸ್ವಲ್ಪ ಹೊತ್ತಿಗೆ ಮೇಲೆ ಹೋಗಿ ನೋಡಿದರೆ ಅವುಗಳ ಮೇಲೆ ಟವಲ್ ಹೊದಿಸಿದೆ. ತೆಗೆದು ಬಂದೆ. ಮತ್ತೆ ಹೋದರೆ ಮತ್ತೆ ಟವಲ್, ಈ ಸಲ ನಾಲ್ಕು ಕ್ಲಿಪ್ ಹಾಕಿ. ಮೂರನೇ ಸಲ ನಾನೂ ಅತ್ತೆಯೂ ಎದುರುಬದುರಾದೆವು. ಅವರ ಕೈಯಲ್ಲಿ ಹಾಸಿಗೆ ಹೊದಿಕೆಯಿತ್ತು.

"ಎದುರಿಗೆ ಗಂಡು ಹುಡುಗ್ರು ಅದಾರವ್ವ," ಎಂದರು. "ಮನೆ ಮರ್ಯಾದೀನ ತಂತಿ ಮ್ಯಾಲೆ ಹಾಕಬ್ಯಾಡ."

"ಅವ್ರ ಚಡ್ಡಿ ನಾವು ದಿನಾ ನೋಡ್ತೀವಲ್ಲ ಅತ್ತೆ."

ಪಿ.ಜಿ.ಯ ಬಾಲ್ಕನಿಯ ಕಂಬಿಗಳ ಉದ್ದಕ್ಕೂ ನಿಜವಾಗಿಯೂ ಅವು ಸಾಲಾಗಿ ಒಣಗುತ್ತಿದ್ದವು. ಅತ್ತೆ ಆ ಕಡೆ ನೋಡಿ, ಆ ಹುಡುಗರಿಗೆ ಇಲ್ಲಿ ಹೇಳುವವರು ಯಾರೂ ಇಲ್ಲ, ನಿನಗೆ ನಾನಿದ್ದೇನೆ ಎಂದರು. ಮೊಮ್ಮಗಳ ನವೆಯ ವಿಷಯ ಅವರಿಗೆ ಗೊತ್ತಿತ್ತು, ದಿನಾ ಬೇವಿನ ಎಲೆ ಕುದಿಸಿ ಕೊಡುತ್ತಿದ್ದವರೂ ಅವರೇ. ಬಿಸಿಲು ಬೇಡವೆಂದು ಅವರು ಹೇಳುತ್ತಿರಲಿಲ್ಲ. ಅವಳದನ್ನು ನಾನೇ ಒಯ್ದು ಇಸ್ತ್ರಿ ಹಾಕಿ ಒಣಗಿಸಿಕೊಡುತ್ತೇನೆ, ಇದೊಂದು ಬಿಡು ಎನ್ನುತ್ತಿದ್ದರು. ಕೊಂಡಜ್ಜಿಗೂ ನೀವು ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡು ಹೋಗುತ್ತೀರಾ ಎಂದು ಕೇಳಿದೆ. ಅತ್ತೆ ಹೊದಿಕೆಯನ್ನು ತೋಳಿನ ಮೇಲೆ ಹಾಕಿಕೊಂಡು ಕೆಳಗಿಳಿದರು. ಆಮೇಲೆ ಅಂದು ಇಡೀ ದಿನ ನನ್ನೊಡನೆ ಮಾತಾಡಲಿಲ್ಲ. ಟವಲ್ ಕೂಡ ಮತ್ತೆ ಬರಲಿಲ್ಲ.

ಸೋಮವಾರ ಕಚೇರಿಯಿಂದ ಬಂದು ತಾರಸಿಗೆ ಹೋದಾಗ ಮುಂದಿನ ತಂತಿಯಲ್ಲಿ ನನ್ನವುಗಳ ಪಕ್ಕದಲ್ಲಿ ಮಗಳದ್ದೂ ಇದ್ದವು. ಮುಟ್ಟಿ ನೋಡಿದೆ. ಹಪ್ಪಳದ ಹಾಗೆ ಒಣಗಿದ್ದವು. ಮಗ ಮಾತ್ರ ಅಂದಿನಿಂದ ತಾರಸಿಗೆ ಹೋಗುವ ಮುಂಚೆ ಮೆಟ್ಟಿಲ ಕೆಳಗೇ ನಿಂತು ಕೆಮ್ಮತೊಡಗಿದ. ಯಾವ ಅಂಗಿ ಬೇಕಿದ್ದರೂ ಅಜ್ಜಿಯ ಕೈಲಿ ತರಿಸಿಕೊಳ್ಳುತ್ತಿದ್ದ. ಪಿ.ಜಿ.ಯ ಹುಡುಗರು ನೋಡಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಆ ಕಡೆ ಕಣ್ಣೆತ್ತಿ ನೋಡುವ ಧೈರ್ಯ ಮಾಡಿದ್ದೇ ಎರಡು ವಾರದ ಮೇಲೆ. ಆಗ ಅಲ್ಲಿ ಒಬ್ಬ ಹುಡುಗ ಮೊಬೈಲ್ ನೋಡುತ್ತಾ ಹಲ್ಲುಜ್ಜುತ್ತಿದ್ದ.

ನವೆ ಹೋಯಿತು. ಡಾಕ್ಟರು ಹೋಗಬಹುದು ಎಂದರು. ಮಗಳು ಬ್ಯಾಗಿಗೆ ಸೋಪು, ಬ್ರಷ್ಷು, ಹಗ್ಗ, ಕ್ಲಿಪ್ಪು ತುಂಬಿಕೊಂಡು ಹೊರಟಳು. ನಾನು ಬಸ್ಸಿನ ಕಿಟಕಿಯ ಕೆಳಗೆ ನಿಂತು, ಹಾವು, ಕೆರೆ, ಸಾರು ಎಲ್ಲವನ್ನೂ ಮರೆತು, ಬಿಸಿಲಿಗೆ ಹಾಕು, ಬಿಸಿಲಿಗೆ ಹಾಕು ಎಂದು ಎರಡು ಸಲ ಹೇಳಿದೆ. ಅವಳ ಗೆಳತಿಯರು ಏನು ಎಂದು ಕೇಳಿದರು. ಅವಳು ಕಿಟಕಿಯ ಗಾಜು ಎಳೆದುಕೊಂಡಳು.

ಶಿಬಿರದ ನಾಲ್ಕನೇ ದಿನ ಮನೆಯವರು ಬಂದು ನೋಡಬಹುದಿತ್ತು. ಅದಕ್ಕೆ ಮುಂಚಿನ ಮೂರು ದಿನ ನಾನು ಹೇಗಿದ್ದೆನೆಂದರೆ, ಆಕಾಶದಲ್ಲಿ ಒಂದು ಮೋಡ ಕಂಡರೂ ಕಚೇರಿಯ ಕಿಟಕಿಗೆ ಹೋಗಿ ಅದು ಕೊಂಡಜ್ಜಿಯ ಕಡೆ ಹೊರಟಿದೆಯೋ ಎಂದು ನೋಡುತ್ತಿದ್ದೆ. ಹೋದ ದಿನ, ಮಗಳು ಸಿಗುವ ಮುಂಚೆಯೇ, ನಾನು ಹುಡುಗಿಯರು ಇಳಿದುಕೊಂಡಿದ್ದ ಕಡೆಯ ಹಿಂಬದಿಗೆ ನುಸುಳಿದೆ. ಎರಡು ಮರಗಳ ನಡುವೆ ಹಗ್ಗ ಕಟ್ಟಿದ್ದರು. ಸಮವಸ್ತ್ರಗಳು, ಕಾಲುಚೀಲಗಳು, ಸ್ಕಾರ್ಫುಗಳು. ಟವಲುಗಳು ಸಾಲಾಗಿ. ಒಂದು ಟವಲಿನ ಅಂಚನ್ನು ಎತ್ತಿ ನೋಡಿದೆ. ಕೆಳಗೆ ಏನೂ ಇರಲಿಲ್ಲ. ಇನ್ನೊಂದು ಎತ್ತಿದೆ.

"ಅಮ್ಮ, ನೀನು ನನ್ನ ನೋಡಕ್ ಬಂದ್ಯಾ, ನನ್ನ ಚಡ್ಡಿ ನೋಡಕ್ ಬಂದ್ಯಾ?"

ಮಗಳು ಹಿಂದೆ ನಿಂತಿದ್ದಳು. ಮೂಗು ಬಿಸಿಲಿಗೆ ಕಪ್ಪಾಗಿತ್ತು. ನಾನು ಟವಲ್ ಬಿಟ್ಟು, ಎಲ್ಲಿ ಎಂದು ಕೇಳಿದೆ. ಅವಳು ಸುತ್ತ ನೋಡಿ, ನನ್ನ ಕೈ ಹಿಡಿದು ಗುಡ್ಡದ ಕಡೆ ಸ್ವಲ್ಪ ದೂರ ಕರೆದೊಯ್ದಳು. ಅಲ್ಲೊಂದು ಅಗಲವಾದ ಬಂಡೆ, ಮೂರು ಕಡೆಗೆ ಲಂಟಾನದ ಪೊದೆ. ಬಂಡೆಯ ಮೇಲೆ ಇಡೀ ತಂಡದ ಒಳಬಟ್ಟೆಗಳು, ಒಂದೊಂದರ ಮೇಲೂ ಗಾಳಿಗೆ ಹಾರದ ಹಾಗೆ ಒಂದೊಂದು ಕಲ್ಲು. ಪೊದೆಯ ಬಾಯಲ್ಲಿ ಒಬ್ಬ ಪುಟ್ಟ ಹುಡುಗಿ ಕೋಲು ಹಿಡಿದು ಕಾವಲು ಕೂತಿದ್ದಳು. ನಾಯಕಿಯ ಆಜ್ಞೆಯಂತೆ ಮಧ್ಯಾಹ್ನದ ಬಿಡುವಿನಲ್ಲಿ ಸರದಿಯ ಮೇಲೆ ಕಾವಲು.

ಮುಂದಿನ ತಂತಿ, ಎದುರಿನ ಪಿ.ಜಿ., ಅತ್ತೆಯ ಜೊತೆಗಿನ ಆ ಜಗಳ, ಇಷ್ಟೆಲ್ಲ ನಾನು ಪಟ್ಟದ್ದು ಇದಕ್ಕೋ ಎನಿಸಿತು. ನಾನು ಕಲಿಸಿದ್ದು ನಾಚಿಕೊಳ್ಳಬಾರದು ಎಂದಲ್ಲವೇ ಎಂದು ಕೇಳಿಯೇಬಿಟ್ಟೆ.

"ಡಾಕ್ಟ್ರು ಬಿಸಿಲು ಬೇಕು ಅಂದ್ರು," ಎಂದಳು ಮಗಳು. "ಎಲ್ರಿಗೂ ಕಾಣಬೇಕು ಅಂತ ಹೇಳ್ಲಿಲ್ಲ."

ನಾನು ಬಗ್ಗಿ ಬಂಡೆಯನ್ನು ಮುಟ್ಟಿದೆ. ಕೈ ಸುಡುವಷ್ಟು ಕಾದಿತ್ತು. ಯಾರೋ ಹುಡುಗಿಯೊಬ್ಬಳದು, ಇನ್ನೂ ಅಂಚಿನಲ್ಲಿ ತೇವವಿದ್ದದ್ದು, ಅದನ್ನು ತಿರುವಿ ಹಾಕಿದೆ. ಅಷ್ಟರಲ್ಲಿ ಸೀಟಿ ಊದಿದರು. ಕಾವಲಿನ ಹುಡುಗಿ ಎದ್ದು ಚಡಪಡಿಸಿದಳು. ಎಲ್ಲರೂ ಸಾಲಿಗೆ ನಿಲ್ಲಬೇಕಂತೆ, ಬಟ್ಟೆ ಇನ್ನೂ ಪೂರ್ತಿ ಒಣಗಿಲ್ಲ. ಮಗಳು ನನ್ನನ್ನು ನೋಡಿದಳು. ನಾನು ಕೋಲು ಇಸಿದುಕೊಂಡೆ.

ಅವರು ಓಡಿದರು. ಬ್ಯಾಗನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಆ ಸುಡುಬಿಸಿಲಿನಲ್ಲಿ ಪೊದೆಯ ಬಾಯಿಗೆ ಅಡ್ಡ ನಿಂತೆ. ಒಂದು ದನ ಬಂತು, ಗದರಿಸಿ ಕಳಿಸಿದೆ. ಆಮೇಲೆ ಕೆಳಗಿನ ದಾರಿಯಲ್ಲಿ ಯಾರೋ ಮೇಷ್ಟ್ರು ಹೋಗುತ್ತಿದ್ದವರು ನಿಂತು ಕತ್ತೆತ್ತಿದರು.

"ಯಾಕ್ರಿ ಅಲ್ಲಿ ನಿಂತೀರಿ? ನೆರಳಿಗೆ ಬರ್ರಿ."

"ಇರ್ಲಿ ಸರ," ಎಂದೆ. "ಸ್ವಲ್ಪ ಬಿಸಿಲು ಕಾಯಿಸ್ಕೊಳ್ತಾ ಇದೀನಿ."